ನಿವೇಶನದ ಕಡತ, ರಸ್ತೆಯ ಕಡತ

ಬಳ್ಳಾರಿಯ ಸತ್ಯನಾರಾಯಣಪೇಟೆಯಂಥ (ಎಸ್.ಎನ್. ಪೇಟೆ) ಹಳೆಯ ಬಡಾವಣೆಯಲ್ಲಿ ಮನೆಯೊಂದು ನೆಲಕ್ಕುರುಳುವುದು ಸುದ್ದಿಯಲ್ಲ. ಜೆಸಿಬಿ ಬರುತ್ತದೆ, ಟ್ರ್ಯಾಕ್ಟರುಗಳು ಇಟ್ಟಿಗೆಚೂರು ಹೊರುತ್ತವೆ, ತೇಗದ ಬಾಗಿಲು ಕಿಟಕಿಗಳನ್ನು ಹಳೇ ಸಾಮಾನಿನ ವ್ಯಾಪಾರಿ ಒಯ್ಯುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಸೆಲ್ಲಾರ್ ಸೇರಿ ನಾಲ್ಕೈದು ಅಂತಸ್ತಿನ ಕಟ್ಟಡ ನಿಂತಿರುತ್ತದೆ. ಕೆಳಗೆ ಔಷಧಿ ಅಂಗಡಿ, ಅದರ ಮೇಲೆ ರಕ್ತ ಪರೀಕ್ಷೆಯ ಲ್ಯಾಬ್, ಅದರ ಮೇಲೆ ಡಾಕ್ಟರು, ತುದಿಯಲ್ಲಿ ಮಾಲೀಕರ ಮನೆ. ಹಿಂದೆ ಒಂದು ಸ್ಕೂಟರ್ ನಿಲ್ಲುತ್ತಿದ್ದ ಗೇಟಿನ ಮುಂದೆ ಸಂಜೆ ಆರರ ಹೊತ್ತಿಗೆ ಇಪ್ಪತ್ತು ಬೈಕು, ನಾಲ್ಕು ಆಟೊ, ಸಿರುಗುಪ್ಪದ ಕಡೆಯಿಂದ ರೋಗಿಯನ್ನು ಕರೆತಂದ ಒಂದು ಬಾಡಿಗೆ ಕಾರು.

ಆ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಟ್ಟದ್ದು ಒಂದು ಕಚೇರಿ. ಅದರ ಮುಂದೆ ವಾಹನ ನಿಲ್ಲಿಸಬಾರದೆಂದು ಅಧಿಸೂಚನೆ ಹೊರಡಿಸಬೇಕಾದದ್ದು ಇನ್ನೊಂದು. ನಿಲ್ಲಿಸಿದವರಿಗೆ ದಂಡ ಹಾಕುವುದು ಮೂರನೆಯದು. ಬೈಕುಗಳ ಕೆಳಗೆ ಕಟ್ಟಿಕೊಂಡ ಚರಂಡಿ ಬಿಡಿಸುವುದು ಮತ್ತೆ ಮೊದಲನೆಯದು, ಆದರೆ ಅದೇ ಕಚೇರಿಯ ಬೇರೆ ವಿಭಾಗ. ಬಡಾವಣೆಯ ಸಂಚಾರವನ್ನೂ ನಿವೇಶನಗಳ ಮರುನಿರ್ಮಾಣವನ್ನೂ ಕರ್ನಾಟಕದ ನಗರಗಳು ಹೇಗೆ ನಿಭಾಯಿಸುತ್ತವೆ ಎಂದು ನೋಡಹೊರಟರೆ ಎದುರಾಗುವ ಮೂಲ ಸಂಗತಿ ಇದು: ನಿವೇಶನದ ಕಡತಕ್ಕೂ ರಸ್ತೆಯ ಕಡತಕ್ಕೂ ಭೇಟಿಯೇ ಆಗುವುದಿಲ್ಲ. ಹಣದ ಕೊರತೆ, ಜನರ ಅಶಿಸ್ತು, ಪೊಲೀಸರ ಸಂಖ್ಯೆ ಇವೆಲ್ಲ ಆಮೇಲಿನ ಮಾತು.

ಬಳ್ಳಾರಿ ಒಂದೇ ಕೈಯಲ್ಲಿ ಕಟ್ಟಿದ ಊರಲ್ಲ. ಗುಡ್ಡದ ಮೇಲೆ ಕೋಟೆ, ಅದರ ಬುಡದಲ್ಲಿ ಹಳೆಯ ಊರು. ಬ್ರಿಟಿಷರ ಕಾಲಕ್ಕೆ ಇದು ಮದ್ರಾಸ್ ಪ್ರಾಂತದ ದೊಡ್ಡ ದಂಡುಗಳಲ್ಲಿ ಒಂದು. ಬ್ರೂಸ್‌ಪೇಟೆ ಮಿಲ್ಲರ್‌ಪೇಟೆಗಳು ಆ ಕಾಲದ ಅಧಿಕಾರಿಗಳ ಹೆಸರು ಹೊತ್ತಿದ್ದರೆ, ಕೌಲ್ ಬಜಾರ್ ದಂಡಿಗೆ ಆತುಕೊಂಡು ಬೆಳೆಯಿತು. 1871ರಲ್ಲಿ ಗುಂತಕಲ್ ಕಡೆಯಿಂದ ರೈಲು ಬಂತು. ಮುಂದಿನ ದಶಕದಲ್ಲಿ ಹಳಿ ಹೊಸಪೇಟೆ, ಗದಗ ದಾಟಿ ಹುಬ್ಬಳ್ಳಿಯತ್ತ ಹೋಯಿತು. 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 58,247. ಅಷ್ಟು ಜನಕ್ಕೆ ಹಾಕಿದ ಹಳಿ, ಅಷ್ಟು ಜನಕ್ಕೆ ಬಿಟ್ಟ ಗೇಟು, ಅಷ್ಟು ಜನಕ್ಕೆ ಸಾಕಾದ ಬೀದಿ. 2011ರ ಗಣತಿಗೆ ನಗರ 4 ಲಕ್ಷ ದಾಟಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಗಡಿಯಾಚೆ ಉಳಿದವು. ರಾಜ್ಯ ಬದಲಾದರೂ ವ್ಯವಹಾರದ ದಾರಿ ಬದಲಾಗಲಿಲ್ಲ. ಇಂದಿಗೂ ಆ ಊರುಗಳವರು ಆಸ್ಪತ್ರೆಗೆ, ಬಟ್ಟೆಗೆ, ಬಿಡಿಭಾಗಕ್ಕೆ ಬಳ್ಳಾರಿಗೆ ಬರುತ್ತಾರೆ. ಎಸ್.ಎನ್. ಪೇಟೆ, ಗಾಂಧಿನಗರ, ಪಾರ್ವತಿನಗರಗಳ ಒಳಕ್ರಾಸುಗಳಲ್ಲಿ ಆಂಧ್ರ ನೋಂದಣಿಯ ಕಾರು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ವಾಸಕ್ಕೆಂದು ಹಾಕಿದ ಬಡಾವಣೆ ಎರಡು ರಾಜ್ಯಗಳ ರೋಗಿಗಳಿಗೆ ಹೊರಾಂಗಣವಾಗಿರುವುದನ್ನು ಮಹಾಯೋಜನೆಯ ನಕ್ಷೆಯಲ್ಲಿ ಬಣ್ಣ ಹಚ್ಚಿ ತೋರಿಸಲಾಗದು.

ಊರನ್ನು ಸೀಳಿಕೊಂಡು ಹೋಗುವ ಹಳಿಯಿಂದಾಗಿ ಬಳ್ಳಾರಿಯವರ ಬಾಯಲ್ಲಿ ವಿಳಾಸವೆಂದರೆ ಗೇಟು ಮತ್ತು ಅಂಡರ್‌ಬ್ರಿಡ್ಜು. ದುರ್ಗಮ್ಮ ಗುಡಿ ಅಂಡರ್‌ಬ್ರಿಡ್ಜ್, ಎಸ್.ಎನ್. ಪೇಟೆ ಅಂಡರ್‌ಬ್ರಿಡ್ಜ್, ಸುಧಾ ಕ್ರಾಸ್ ಗೇಟ್. ಮಳೆ ಅಪರೂಪದ ಈ ಊರಿನಲ್ಲಿ ಒಂದೇ ಒಂದು ಜೋರು ಮಳೆ ಬಿದ್ದರೂ ಕೆಳಸೇತುವೆಗಳು ಹೊಂಡವಾಗುತ್ತವೆ. ಬೈಕಿನವರು ಸೈಲೆನ್ಸರ್ ಮುಳುಗುವ ಭಯಕ್ಕೆ ತಿರುಗಿಕೊಳ್ಳುತ್ತಾರೆ, ಆ ತಿರುಗಿದ ವಾಹನಗಳೆಲ್ಲ ಪಕ್ಕದ ಕ್ರಾಸುಗಳಿಗೆ ನುಗ್ಗುತ್ತವೆ.

ಇದರ ಹಿಂದಿನ ಕಾರಣ ಮಳೆಗಿಂತ ಕುತೂಹಲಕರ. ಹಳಿಯೂ ಅದನ್ನು ಹೊತ್ತ ಸೇತುವೆಯೂ ರೈಲ್ವೆಯ ಸ್ವತ್ತು. ಅದರ ಕೆಳಗಿನ ದಾರಿಗೆ ಇಳಿಯುವ ರಸ್ತೆ ಪಾಲಿಕೆಯದೋ ಲೋಕೋಪಯೋಗಿ ಇಲಾಖೆಯದೋ. ನೀರು ಹರಿದುಹೋಗಬೇಕಾದ ಚರಂಡಿ ಪಾಲಿಕೆಯದು. ರಸ್ತೆ ಸುತ್ತಲ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ನೀರು ತಾನಾಗಿ ಹರಿಯದು. ತೊಟ್ಟಿಯಲ್ಲಿ ಹಿಡಿದು ಮೋಟಾರಿನಿಂದ ಎತ್ತಿ ಹಾಕಬೇಕು. ಮೋಟಾರು ಯಾರದು, ಕರೆಂಟ್ ಬಿಲ್ ಯಾರದು, ರಾತ್ರಿ ಹನ್ನೊಂದಕ್ಕೆ ಸ್ವಿಚ್ ಒತ್ತುವ ಮನುಷ್ಯ ಯಾರ ನೌಕರ ಎಂಬ ಪ್ರಶ್ನೆಗಳಿಗೆ ಪ್ರತಿ ಮಳೆಗಾಲವೂ ಹೊಸದಾಗಿ ಉತ್ತರ ಹುಡುಕಲಾಗುತ್ತದೆ. ಇತ್ತ ಮೇಲ್ಭಾಗದಲ್ಲಿ ಅಂಗಳವಿದ್ದ ಮನೆಗಳು ಹೋಗಿ ಗೋಡೆಯಿಂದ ಗೋಡೆಗೆ ಸಿಮೆಂಟು ಹಾಕಿದ ಕಟ್ಟಡಗಳು ಬಂದಿವೆ, ಡಾಂಬರು ರಸ್ತೆಗಳು ಸಿ.ಸಿ. ರಸ್ತೆಗಳಾಗಿವೆ. ಮಣ್ಣು ಕುಡಿಯುತ್ತಿದ್ದ ನೀರು ಈಗ ನೇರ ತಗ್ಗಿಗೆ ಬರುತ್ತದೆ. ಒಂದೊಂದು ನಿವೇಶನದ ನಕ್ಷೆ ಮಂಜೂರಾಗುವಾಗಲೂ ಅಂಡರ್‌ಬ್ರಿಡ್ಜಿನ ತೊಟ್ಟಿಗೆ ಒಂದಿಷ್ಟು ಬಿಂದಿಗೆ ನೀರು ಸೇರುತ್ತದೆ ಎಂದು ಯಾವ ಕಡತದಲ್ಲೂ ಬರೆದಿರುವುದಿಲ್ಲ.

ಸುಧಾ ಕ್ರಾಸಿನ ಮೇಲ್ಸೇತುವೆಯ ಕಥೆ ಇನ್ನೂ ಉದ್ದ. ಹೊಸಪೇಟೆ ಕಡೆಯ ರಸ್ತೆಯಲ್ಲಿ ಗೇಟು ಬಿದ್ದಾಗಲೆಲ್ಲ ಎರಡೂ ಬದಿ ಸಾಲುಗಟ್ಟುವ ವಾಹನಗಳು ಬಳ್ಳಾರಿಯ ಪತ್ರಿಕೆಗಳಿಗೆ ವರ್ಷಗಳ ಕಾಲ ಹಳಸದ ಸುದ್ದಿಯಾಗಿದ್ದವು. ಇಂಥ ಗೇಟಿಗೆ ಮೇಲ್ಸೇತುವೆ ಬೇಕೋ ಬೇಡವೋ ಎಂದು ಅಳೆಯಲು ರೈಲ್ವೆಯ ಬಳಿ ಲೆಕ್ಕವಿದೆ: ದಿನಕ್ಕೆ ಹಾಯುವ ರೈಲುಗಳ ಸಂಖ್ಯೆಯನ್ನು ವಾಹನಗಳ ಸಂಖ್ಯೆಯಿಂದ ಗುಣಿಸಿದಾಗ ಒಂದು ಲಕ್ಷ ಮುಟ್ಟಿದರೆ ರೈಲ್ವೆ ಮತ್ತು ರಾಜ್ಯ ಸರ್ಕಾರ ವೆಚ್ಚ ಹಂಚಿಕೊಂಡು ಸೇತುವೆ ಕಟ್ಟಬಹುದು. ಗುಣಾಕಾರ ಸುಲಭ. ಕಷ್ಟ ಶುರುವಾಗುವುದು ಆಮೇಲೆ. ಸೇತುವೆಯ ಇಳಿಜಾರಿಗೆ ಬೇಕಾದ ಜಾಗದಲ್ಲಿ ಅಂಗಡಿ, ಮನೆ, ನೀರಿನ ಪೈಪು, ವಿದ್ಯುತ್ ಕಂಬ ಎಲ್ಲ ಇರುತ್ತವೆ, ಪ್ರತಿಯೊಂದಕ್ಕೂ ಒಬ್ಬ ಒಡೆಯ, ಪ್ರತಿ ಒಡೆಯನಿಗೂ ಒಂದು ಕಚೇರಿ.

ಹಾಗಾದರೆ ಬಡಾವಣೆಯ ರಸ್ತೆಯ ಮೇಲೆ ನಿರ್ಧಾರ ಮಾಡುವವರು ಯಾರು? ಜನ ಸಾಮಾನ್ಯವಾಗಿ ದೂರು ಒಯ್ಯುವುದು ಪಾಲಿಕೆ ಸದಸ್ಯರ ಮನೆಗೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಕಾರ ರಸ್ತೆ ಕಟ್ಟುವುದು, ಅದನ್ನು ಸುಸ್ಥಿತಿಯಲ್ಲಿಡುವುದು, ಒತ್ತುವರಿ ತೆಗೆಯುವುದು ಪಾಲಿಕೆಯ ಕೆಲಸ. ಆದರೆ ಆ ರಸ್ತೆಯನ್ನು ಒನ್ ವೇ ಮಾಡುವ, ಭಾರಿ ವಾಹನ ತಡೆಯುವ, ವೇಗ ಮಿತಿ ಹಾಕುವ ಅಧಿಕಾರ ಅದಕ್ಕಿಲ್ಲ. ಅದು 1988ರ ಮೋಟಾರು ವಾಹನ ಕಾಯ್ದೆಯ 112, 115, 116ನೇ ಕಲಮುಗಳ ವ್ಯಾಪ್ತಿ. ಪೊಲೀಸ್ ಕಮಿಷನರೇಟ್ ಇಲ್ಲದ ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಸಂಚಾರ ಪೊಲೀಸರು ಪ್ರಸ್ತಾವ ಕಳಿಸುತ್ತಾರೆ, ಜಿಲ್ಲಾಧಿಕಾರಿ ಅಧಿಸೂಚನೆ ಹೊರಡಿಸುತ್ತಾರೆ. ಇನ್ನು 117ನೇ ಕಲಮು ವಾಹನ ನಿಲುಗಡೆಯ ಜಾಗಗಳಿಗೆ ಸಂಬಂಧಿಸಿದ್ದು. ಅಲ್ಲಿ ಮಾತ್ರ ಕಾನೂನು ಒಂದು ಸಣ್ಣ ಬಾಗಿಲು ತೆರೆದಿಟ್ಟಿದೆ: ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಜಾಗ ಗೊತ್ತುಮಾಡಬೇಕು ಎನ್ನುತ್ತದೆ. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲೂ ಹೀಗೇ. ನಗರಾಡಳಿತಕ್ಕೆ ಒಪ್ಪಿಸಬಹುದಾದ ಹದಿನೆಂಟು ವಿಷಯಗಳಲ್ಲಿ ನಗರ ಯೋಜನೆ ಇದೆ, ರಸ್ತೆ ಸೇತುವೆಗಳಿವೆ, ನಿಲುಗಡೆ ತಾಣ ಮತ್ತು ಬಸ್ ತಂಗುದಾಣಗಳೂ ಇವೆ; ಸಂಚಾರ ನಿಯಂತ್ರಣ ಇಲ್ಲ. ವಾಹನ ನಿಂತಾಗ ಅದು ಪಾಲಿಕೆಯ ವಿಷಯ, ಓಡತೊಡಗಿದರೆ ಪೊಲೀಸರದ್ದು!

ನಿವೇಶನದ ಕಡೆಗೆ ಬಂದರೆ ದಾರಿ ಬೇರೆ. ಮಹಾಯೋಜನೆ ತಯಾರಿಸುವುದು, ವಾಸದ ಜಾಗ ವಾಣಿಜ್ಯಕ್ಕೆ ಬದಲಾಗಬೇಕಾದರೆ ಒಪ್ಪಿಗೆ ಕೊಡುವುದು ಬುಡಾ, ಅಂದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ಆರಿಸುವುದು ಮತದಾರನಲ್ಲ, ರಾಜ್ಯ ಸರ್ಕಾರ. ಕಟ್ಟಡದ ಪರವಾನಗಿ ಪಾಲಿಕೆ ಕಾಯ್ದೆಯ 299ನೇ ಕಲಮಿನಡಿ ಪಾಲಿಕೆಯಲ್ಲಿ. ಅಲ್ಲಿ ಆಸ್ಪತ್ರೆ ಬಂದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬೇಕು, ಅದನ್ನು ಕೊಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಅವರೇ ಅಧ್ಯಕ್ಷರು. ಒಬ್ಬರೇ ಅಧಿಕಾರಿ ಒಂದು ಮಧ್ಯಾಹ್ನ ನರ್ಸಿಂಗ್ ಹೋಮಿನ ನೋಂದಣಿಗೆ ಸಹಿ ಹಾಕಿ, ಇನ್ನೊಂದು ಮಧ್ಯಾಹ್ನ ಅದೇ ರಸ್ತೆಯ ದಟ್ಟಣೆಯ ಬಗ್ಗೆ ಸಭೆ ನಡೆಸಬಹುದು. ಎರಡು ಕಡತಗಳು ಒಂದೇ ಮೇಜಿನ ಮೇಲೆ ಬಂದರೂ ಒಂದನ್ನೊಂದು ಗುರುತಿಸುವುದಿಲ್ಲ.

ದೊಡ್ಡ ಯೋಜನೆಗಳಿಗಾದರೆ ಹೀಗಾಗದಂತೆ ಒಂದು ಜರಡಿ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರು ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಕಟ್ಟಡಕ್ಕೆ ಪೂರ್ವಾನುಮತಿ ಬೇಕು. ಆಗ ನೀರು, ಕಸ, ವಾಹನ ಎಲ್ಲದರ ಲೆಕ್ಕ ಕೊಡಬೇಕಾಗುತ್ತದೆ. ಎಸ್.ಎನ್. ಪೇಟೆಯ ನಿವೇಶನ ಈ ಜರಡಿಗೆ ಸಿಗುವುದೇ ಇಲ್ಲ. 40×60 ಅಡಿಯ ಜಾಗ ಎಂದರೆ 223 ಚದರ ಮೀಟರು; ಸುತ್ತ ಒಂದಿಷ್ಟು ಬಿಟ್ಟು ನಾಲ್ಕು ಮಹಡಿ ಎಬ್ಬಿಸಿದರೂ ಆರುನೂರು ಚದರ ಮೀಟರು ದಾಟುವುದು ಕಷ್ಟ. ಅಂಥ ಮೂವತ್ತನಾಲ್ಕು ಕಟ್ಟಡ ಸೇರಿದರೆ ಒಂದು ಮಾಲ್‌ನಷ್ಟಾಯಿತು. ಮಾಲ್ ಕಟ್ಟುವವನು ನಿಲುಗಡೆಗೆ ಎಕರೆಗಟ್ಟಲೆ ಜಾಗ ತೋರಿಸಬೇಕು, ಮೂವತ್ತನಾಲ್ಕು ಮಾಲೀಕರು ತೋರಿಸುವುದು ಮೂವತ್ತನಾಲ್ಕು ಸೆಲ್ಲಾರುಗಳನ್ನು. ನಕ್ಷೆಯಲ್ಲಿ ಸೆಲ್ಲಾರ್ ಎಂದರೆ ವಾಹನ ನಿಲುಗಡೆ. ನೆಲಕ್ಕಿಳಿದರೆ ಔಷಧಿ ಗೋದಾಮು, ಜನರೇಟರು, ಎಕ್ಸ್‌ರೇ ಕೋಣೆ, ಕೆಲವೆಡೆ ಜಿಮ್. ಇದು ಬಳ್ಳಾರಿಗಷ್ಟೇ ಅಂಟಿದ ಚಾಳಿಯಲ್ಲ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ, ದಾವಣಗೆರೆಯಲ್ಲಿ, ಬೆಂಗಳೂರಿನಲ್ಲಿ ಪಾಲಿಕೆಗಳು ಸೆಲ್ಲಾರ್ ತೆರವಿನ ಕಾರ್ಯಾಚರಣೆ ಎಂದು ಆಗಾಗ ಹೊರಡುತ್ತವೆ. ವಾರ ಕಳೆದರೆ ಶಟರುಗಳು ಮತ್ತೆ ಮೇಲೇರುತ್ತವೆ.

ನಿಯಮ ಮೀರಿ ಕಟ್ಟಿದ್ದನ್ನು ಕೆಡವಲು ಪಾಲಿಕೆ ಕಾಯ್ದೆಯ 321ನೇ ಕಲಮಿದೆ. ಅದರ ಎದುರಿಗೆ ನಿಂತಿರುವುದು ಅಕ್ರಮ-ಸಕ್ರಮದ ಆಸೆ. 2007ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 76-ಎಫ್‌ಎಫ್ ಕಲಮನ್ನು ಸೇರಿಸಿ, ವಾಸದ ಕಟ್ಟಡದಲ್ಲಿ ಶೇ 50, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ದಾರಿ ತೋರಿಸಲಾಯಿತು. ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಟ್ಟುವವರ ಪಾಲಿಗೆ ಇದರರ್ಥ ಸರಳ: ಕೆಡವುವುದಿಲ್ಲ, ಸಕ್ರಮವೂ ಆಗಿಲ್ಲ, ಸದ್ಯಕ್ಕೆ ಬಾಡಿಗೆ ಬರುತ್ತಿದೆ. ದಂಡ ಕಟ್ಟಿದರೆ ಸೆಟ್‌ಬ್ಯಾಕ್ ಸಕ್ರಮವಾದೀತು. ರಸ್ತೆಯ ಅಗಲಕ್ಕೆ ದಂಡ ಕಟ್ಟುವ ಬಗೆ ಯಾವುದು ಎಂದು ಆ ಕಾನೂನು ಬರೆದವರು ಯೋಚಿಸಿದಂತಿಲ್ಲ.

ಅದೇ ಯೋಜನಾ ಕಾಯ್ದೆಯಲ್ಲಿ ಭೂಬಳಕೆ ಬದಲಾವಣೆಗೆ ಸಂಬಂಧಿಸಿದ 14-ಎ ಕಲಮು ಮಾತ್ರ ನೆರೆಹೊರೆಯವರನ್ನು ನೆನೆಸಿಕೊಂಡಿದೆ. ಬದಲಾವಣೆಯ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ ಹದಿನೈದು ದಿನ ಕೊಟ್ಟು, ಆಕ್ಷೇಪಣೆ ಕರೆಯಬೇಕು. ಪ್ರಕಟಣೆ ಬರುತ್ತದೆ. ಒಳಪುಟದ ಮೂಲೆಯಲ್ಲಿ, ಸರ್ವೆ ನಂಬರು, ಚೆಕ್ಕುಬಂದಿ, ಟೆಂಡರುಗಳ ನಡುವೆ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ. ತಮ್ಮ ಮನೆಯ ಎದುರಿನ ಜಾಗದ ಸರ್ವೆ ನಂಬರು ಎಷ್ಟು ಜನಕ್ಕೆ ಗೊತ್ತು? ಆ ಕಾಗದವನ್ನೇ ಜಾಗದ ಗೇಟಿಗೆ ದೊಡ್ಡದಾಗಿ ಅಂಟಿಸಿದ್ದರೆ ಅರ್ಧ ಬೀದಿ ಓದುತ್ತಿತ್ತು. ಇಂಗ್ಲೆಂಡಿನ ಊರುಗಳಲ್ಲಿ ಲೈಟು ಕಂಬಗಳಿಗೆ ಇಂಥ ನೋಟಿಸು ಕಟ್ಟಿರುವುದು ಸಾಮಾನ್ಯ ನೋಟ. ನಮ್ಮ ಕಂಬಗಳಲ್ಲಿ ಅಭಿನಂದನೆಯ ಫ್ಲೆಕ್ಸಿಗೇ ಜಾಗ ಸಾಲದು.

ಇಷ್ಟರ ನಡುವೆ ಚುನಾಯಿತ ಪಾಲಿಕೆ ಎಲ್ಲಿದೆ? ಬಳ್ಳಾರಿಯ 39 ವಾರ್ಡುಗಳಿಗೆ 2021ರ ಏಪ್ರಿಲ್ 27ರಂದು ಮತದಾನವಾಯಿತು. ಕಾಂಗ್ರೆಸ್ 21, ಬಿಜೆಪಿ 13, ಪಕ್ಷೇತರರು 5 ಸ್ಥಾನ ಗೆದ್ದರು. ಸ್ಪಷ್ಟ ಬಹುಮತ ಬಂದರೂ ಮೇಯರ್ ಆಯ್ಕೆ ನಡೆದದ್ದು 2022ರ ಮಾರ್ಚಿನಲ್ಲಿ. ಹತ್ತಿರ ಹತ್ತಿರ ಹನ್ನೊಂದು ತಿಂಗಳು ಗೆದ್ದವರು ಸದಸ್ಯರೆನಿಸಿಕೊಂಡರು, ಸಭೆ ಮಾತ್ರ ಇರಲಿಲ್ಲ. ಆಡಳಿತ ಅಧಿಕಾರಿಗಳ ಕೈಯಲ್ಲಿತ್ತು. 2023ರಲ್ಲಿ 23 ವರ್ಷದ ಡಿ. ತ್ರಿವೇಣಿ ಮೇಯರ್ ಆದಾಗ ರಾಜ್ಯದುದ್ದಕ್ಕೂ ಸುದ್ದಿಯಾಯಿತು. ಆದರೆ ಮೇಯರ್ ಅವಧಿ ಒಂದೇ ವರ್ಷ. ಸ್ಥಾಯಿ ಸಮಿತಿಗಳದ್ದೂ ಅಷ್ಟೇ. ನಗರ ಯೋಜನೆಗೆಂದೇ ಒಂದು ಸ್ಥಾಯಿ ಸಮಿತಿ ಇದೆ. ಅದರ ಅಧ್ಯಕ್ಷರು ಮಹಾಯೋಜನೆಯ ನಕ್ಷೆ ಬಿಡಿಸಿ ಕೂತು ಬಣ್ಣಗಳ ಅರ್ಥ ತಿಳಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಹಣ ಬರುವ ದಾರಿಯೂ ಪಾಲಿಕೆಯ ಸಭಾಂಗಣವನ್ನು ಬಳಸಿಕೊಂಡು ಹೋಗುತ್ತದೆ. ಬಳ್ಳಾರಿ ಬಡ ಜಿಲ್ಲೆಯಲ್ಲ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಗಳಿಂದ ದೊಡ್ಡ ಮೊತ್ತ ಬರುತ್ತದೆ. 371-ಜೆ ವಿಧಿಯ ವ್ಯಾಪ್ತಿಗೆ ಸೇರಿದ್ದರಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಇದೆ. ನಗರೋತ್ಥಾನ, ಅಮೃತ್ ಬೇರೆ. ಪ್ರತಿಯೊಂದಕ್ಕೂ ಬೇರೆ ಸಮಿತಿ, ಬೇರೆ ಕ್ರಿಯಾಯೋಜನೆ. ವೃತ್ತಕ್ಕೆ ಗಡಿಯಾರದ ಗೋಪುರ, ಮುಖ್ಯ ರಸ್ತೆಗೆ ಅಲಂಕಾರದ ದೀಪ, ವಾರ್ಡಿಗೆ ಸಿ.ಸಿ. ರಸ್ತೆ ಇವುಗಳಿಗೆ ಹಣ ಸಿಗುವುದು ಸುಲಭ, ಏಕೆಂದರೆ ಅವಕ್ಕೆ ಶಂಕುಸ್ಥಾಪನೆ ಮಾಡಬಹುದು. ಹಳಬರು ಇನ್ನೂ ರಾಯಲ್ ಸರ್ಕಲ್ ಎಂದೇ ಕರೆಯುವ ಗಡಿಗಿ ಚನ್ನಪ್ಪ ವೃತ್ತದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸ ಗಡಿಯಾರ ಗೋಪುರ ಎದ್ದಿದೆ. ಅದರ ಕೆಳಗೆ ರಸ್ತೆ ದಾಟುವ ಮುದುಕಿಗೆ ಸಮಯ ಗೊತ್ತಾಗುತ್ತದೆ, ದಾಟುವ ಸಮಯ ಸಿಗುವುದಿಲ್ಲ. ಕ್ರಾಸುಗಳನ್ನು ಒನ್ ವೇ ಮಾಡಿ ಗೆರೆ ಎಳೆಯಲು ಖರ್ಚು ಕಡಿಮೆ. ಉದ್ಘಾಟನೆಗೆ ಕತ್ತರಿಸಲು ಅಲ್ಲಿ ಟೇಪು ಕಟ್ಟುವ ಜಾಗವಿಲ್ಲ ಎಂಬುದೇ ತೊಡಕು.

ರೋಡ್ ಹಂಪ್ ಈ ಇಡೀ ವ್ಯವಸ್ಥೆಯ ಚಿಕ್ಕ ಮಾದರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರು ಅಗಲ ಇರಬೇಕು. ಮೊದಲೇ ಎಚ್ಚರಿಕೆಯ ಫಲಕ, ಮೇಲೆ ಬಣ್ಣ ಬೇಕು. ನಮ್ಮ ಬಡಾವಣೆಗಳಲ್ಲಿ ಯಾರದೋ ಮಗುವಿಗೆ ಬೈಕು ತಾಗಿದ ಮರುದಿನ, ಉಳಿದ ಜಲ್ಲಿ ಸಿಮೆಂಟಿನಲ್ಲಿ, ಗೇಣು ಅಗಲದ ಗೋಡೆಯಂಥದ್ದೊಂದು ಏಳುತ್ತದೆ. ಅದು ಬಡಾವಣೆಯ ಜನ ತಾವೇ ತೆಗೆದುಕೊಂಡ ಸಂಚಾರ ನಿರ್ಧಾರ. ತಪ್ಪು ನಿರ್ಧಾರ, ಬೆನ್ನುಮೂಳೆ ಮುರಿಯುವ ನಿರ್ಧಾರ. ಆದರೆ ಅರ್ಜಿ ಕೊಟ್ಟು ಕಾಯುವುದಕ್ಕಿಂತ ಬೇಗ ಫಲ ಕೊಡುವುದು ಅದೊಂದೇ.

ಒಮ್ಮೆ ಮಾತ್ರ ಬಳ್ಳಾರಿಯ ಸಂಚಾರ ರಾತ್ರೋರಾತ್ರಿ ಬದಲಾಯಿತು, ಅದೂ ಸ್ಥಳೀಯ ನಿರ್ಧಾರದಿಂದಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಹಸಿವಿಗೆ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆ, ಬಳ್ಳಾರಿ ದಾರಿಗಳಲ್ಲಿ ದಿನಕ್ಕೆ ಸಾವಿರಾರು ಲಾರಿ ಓಡಿದವು. ರಸ್ತೆ ಬದಿಯ ಮರಗಳ ಎಲೆಯೂ ಕೆಂಪು. 2011ರ ಜುಲೈ 27ಕ್ಕೆ ಲೋಕಾಯುಕ್ತ ವರದಿ ಸಲ್ಲಿಕೆಯಾಯಿತು, 29ಕ್ಕೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲುಸಾಲಾಗಿ ನಿಂತವು, ಕಂತು ಕಟ್ಟಲಾಗದ ಮಾಲೀಕರು ಕಂಗಾಲಾದರು, ರಸ್ತೆಗಳು ಖಾಲಿಯಾದವು. ಆ ಬಿಡುವಿನಲ್ಲಿ ನಗರದೊಳಗಿನ ರಸ್ತೆಗಳ ಬಳಕೆಯನ್ನು ಹೊಸದಾಗಿ ಯೋಚಿಸಬಹುದಿತ್ತು. ಬದಲಿಗೆ ಗಣಿಯಿಂದ ಬಂದ ದುಡ್ಡು ನಿವೇಶನಗಳಿಗೆ ಹರಿಯಿತು. ಲಾರಿಯ ಜಾಗಕ್ಕೆ ಕಾರು ಬಂತು.

ಬೇರೆ ಊರುಗಳ ಅನುಭವವೂ ಇದೇ ಗಂಟನ್ನು ಬೇರೆ ಬೇರೆ ಕಡೆಯಿಂದ ತೋರಿಸುತ್ತದೆ. ಮೈಸೂರಿನಲ್ಲಿ 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. ಸರಿಯಾಗಿ ನಾಲ್ಕು ವರ್ಷದ ಬಳಿಕ, ಅದೇ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂದು ತಜ್ಞರ ಸಮಿತಿಗಳು, ಪರಂಪರೆ ಪ್ರಿಯರು, ನ್ಯಾಯಾಲಯಗಳು ವರ್ಷಗಟ್ಟಲೆ ವಾದಿಸಿದವು. ಮಾರುಕಟ್ಟೆಯ ಬಾಗಿಲಿನ ಮುಂದೆ ಹೂವಿನ ಗಾಡಿ, ಸಾಮಾನು ಇಳಿಸುವ ಟೆಂಪೊ, ದೇವರಾಜ ಅರಸು ರಸ್ತೆಯ ನಿಲುಗಡೆ ಇವುಗಳದ್ದು ಪ್ರತ್ಯೇಕ ವಾದ. ಕಟ್ಟಡದ ಗತಿ ನಿರ್ಧಾರವಾಗದೆ ರಸ್ತೆಯದ್ದು ಆಗದು, ಎರಡೂ ಕಾದವು.

ಮಂಗಳೂರಿನಲ್ಲಿ ಕಾಯುವಿಕೆ ಕಡಿಮೆ, ಗಾಯ ಹೆಚ್ಚು. 2020ರ ಏಪ್ರಿಲಿನಲ್ಲಿ ಲಾಕ್‌ಡೌನ್ ಕಾರಣ ಕೊಟ್ಟು ಸೆಂಟ್ರಲ್ ಮಾರ್ಕೆಟ್ ಮುಚ್ಚಿಸಿ ಸಗಟು ವ್ಯಾಪಾರಿಗಳನ್ನು ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಕಳಿಸಲಾಯಿತು. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಮುಂದೆ ಹಳೆಯ ಕಟ್ಟಡ ನೆಲಸಮವಾಯಿತು. ಹಂಪನಕಟ್ಟೆಯ ದಟ್ಟಣೆ ಇಳಿಯಬೇಕೆಂಬುದು ನ್ಯಾಯವೇ. ಆದರೆ ತಲೆಮಾರುಗಳಿಂದ ಅಲ್ಲಿ ತರಕಾರಿ ಮಾರಿದವರೊಂದಿಗೆ ಮಾತಾಡಲು ಸಾಂಕ್ರಾಮಿಕದ ಕಾಲವನ್ನೇ ಆರಿಸಿಕೊಂಡದ್ದು ಆಡಳಿತದ ಜಾಣತನವೋ ಅಂಜಿಕೆಯೋ ಹೇಳುವುದು ಕಷ್ಟ.

ಹುಬ್ಬಳ್ಳಿ-ಧಾರವಾಡ ನಡುವೆ ಸುಮಾರು 22 ಕಿ.ಮೀ. ಉದ್ದದ ತ್ವರಿತ ಬಸ್ ಮಾರ್ಗ 2018ರಲ್ಲಿ ಓಡಾಟ ಶುರುಮಾಡಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಬಸ್ಸಿಗೆ ನಡುವಿನ ಪಥ, ಉಳಿದವರಿಗೆ ಅಂಚು. ಬಸ್ಸು ವೇಗವಾಗಿಯೇ ಹೋಯಿತು. ಅಂಚಿನಲ್ಲಿ ಮಾತ್ರ ಶೋರೂಮು, ಕಲ್ಯಾಣ ಮಂಟಪ, ಕಾಲೇಜುಗಳಿಗೆ ಮೊದಲಿನಂತೆಯೇ ಅನುಮತಿ ಸಿಗುತ್ತ ಹೋದದ್ದರಿಂದ ಕಾರುಗಳು ಕಿರಿದಾದ ಪಥದಲ್ಲಿ ಸಿಕ್ಕಿಕೊಂಡವು, ಬಸ್ಸಿನ ಖಾಲಿ ಪಥ ನೋಡಿ ಜನ ಬೈದರು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನ ಬೀದಿಯಾಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಷೇಧಿಸಿ ನೋಡಿದರು. ಗಾಳಿ ಶುದ್ಧವಾಯಿತು, ಜನ ನಡೆದಾಡಿದರು, ಆಮೇಲೆ ವಾಹನ ವಾಪಸು ಬಂತು. ಪ್ರಯೋಗ ಗೆದ್ದರೂ ಅದನ್ನು ಉಳಿಸಿಕೊಳ್ಳುವ ಕಚೇರಿ ಇರಲಿಲ್ಲ.

ಎರಡೂ ಕಡತವನ್ನು ಒಂದೇ ಕೈ ಹಿಡಿದ ಉದಾಹರಣೆ ಬೇಕೆಂದರೆ ಚೆನ್ನೈನ ಪಾಂಡಿ ಬಜಾರಿಗೆ ಹೋಗಬೇಕು. ಅಲ್ಲಿನ ಪಾಲಿಕೆ ಸ್ಮಾರ್ಟ್ ಸಿಟಿ ಹಣದಲ್ಲಿ 2019ರಲ್ಲಿ ಬೀದಿಯ ಬಹುಪಾಲನ್ನು ನಡೆಯುವವರಿಗೆ ಬಿಟ್ಟುಕೊಟ್ಟಿತು, ಪಕ್ಕದ ರಸ್ತೆಯಲ್ಲಿ ಬಹುಮಹಡಿ ನಿಲುಗಡೆಯನ್ನೂ ಕಟ್ಟಿತು. ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ವಾಸದ ಬೀದಿಗಳಲ್ಲಿ ಮಕ್ಕಳಿಗೆ ಆದ್ಯತೆ, ಕಾರಿಗೆ ನಡಿಗೆಯ ವೇಗ ಎಂಬ ಪದ್ಧತಿ ಬೆಳೆದು 1976ರಲ್ಲಿ ಆ ದೇಶದ ಕಾನೂನಾಯಿತು. ಅದನ್ನು ಹೇಳಿದ ಕೂಡಲೇ ‘ಅಲ್ಲಿಯ ಜನ ಬೇರೆ’ ಎನ್ನುವವರಿದ್ದಾರೆ. ಬಳ್ಳಾರಿಯ ಹಳೆಯ ಓಣಿಗಳಲ್ಲಿ ಆಟೊದವನು ಇಂದಿಗೂ ಆ ನಿಯಮವನ್ನೇ ಪಾಲಿಸುತ್ತಾನೆ, ಯಾವ ಫಲಕವೂ ಇಲ್ಲದೆ.

ಸಣ್ಣ ಊರುಗಳಲ್ಲಿ ಸಮಸ್ಯೆಯ ಆಕಾರವೇ ಬೇರೆ. ಸಿರುಗುಪ್ಪದ ಮುಖ್ಯ ಬೀದಿಯಲ್ಲಿ ಜೇವರ್ಗಿ-ಚಾಮರಾಜನಗರ ಹೆದ್ದಾರಿ ಹಾದುಹೋಗುತ್ತದೆ. ಭತ್ತ ಹೇರಿದ ಟ್ರ್ಯಾಕ್ಟರು, ಅಕ್ಕಿ ಗಿರಣಿಯ ಲಾರಿ, ಸಿಂಧನೂರು ಬಸ್ಸು, ಶಾಲೆಯ ಮಕ್ಕಳು ಎಲ್ಲರಿಗೂ ಒಂದೇ ರಸ್ತೆ. ಊರು ನಗರಸಭೆಯದು, ರಸ್ತೆ ಕೇಂದ್ರದ ಹೆದ್ದಾರಿ ಸಚಿವಾಲಯದ್ದು. ಬೀದಿದೀಪ ಹಾಕಲೂ ಪತ್ರವ್ಯವಹಾರ. ಕುರುಗೋಡು ತಾಲ್ಲೂಕು ಕೇಂದ್ರವಾದ ಮೇಲೆ ಅಲ್ಲಿ ಕಚೇರಿಗಳು, ಕಚೇರಿಯ ಹಿಂದೆ ಜೆರಾಕ್ಸ್ ಅಂಗಡಿಗಳು, ಅವುಗಳ ಹಿಂದೆ ನಿವೇಶನದ ಬೆಲೆ ಬಂದಿವೆ. ಆದರೂ ದೊಡ್ಡಬಸವೇಶ್ವರನ ತೇರು ಸಾಗುವ ಬೀದಿಗೆ ಕೈಹಾಕಲು ಯಾವ ಮಾಲೀಕನೂ ಹಿಂದೆಮುಂದೆ ನೋಡುತ್ತಾನೆ. ತೇರಿನ ಗಾಲಿಗೆ ಎಷ್ಟು ಅಗಲ ಬೇಕೆಂಬುದು ಊರಿಗೆಲ್ಲ ಗೊತ್ತು, ವರ್ಷಕ್ಕೊಮ್ಮೆ ಎಲ್ಲರ ಕಣ್ಣೆದುರೇ ಅಳತೆಯಾಗುತ್ತದೆ. ಬಳ್ಳಾರಿಯ ತೇರು ಬೀದಿಗೂ ಒಂದು ಕಾಲಕ್ಕೆ ಈ ರಕ್ಷಣೆ ಇತ್ತು. ಎಸ್.ಎನ್. ಪೇಟೆಯ ಕ್ರಾಸುಗಳಿಗೆ ತೇರಿಲ್ಲ.

ಸಂವಿಧಾನದ 243-ಎಸ್ ವಿಧಿ ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಕಡ್ಡಾಯ ಎನ್ನುತ್ತದೆ. ಬಳ್ಳಾರಿ ಆ ಗೆರೆ ದಾಟಿ ಬಹಳ ಕಾಲವಾಯಿತು. 2011ರ ತಿದ್ದುಪಡಿಯಿಂದ ರಾಜ್ಯದ ಪಾಲಿಕೆ ಕಾಯ್ದೆಯಲ್ಲೂ ವಾರ್ಡ್ ಸಮಿತಿ, ಅದರ ಕೆಳಗೆ ಪ್ರದೇಶ ಸಭೆ ಬಂದಿವೆ. ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಜಾಗ ಇಡಲಾಗಿದೆ. ಮಂಗಳೂರಿನಲ್ಲಿ ನಾಗರಿಕರು ಪಟ್ಟುಹಿಡಿದ ಮೇಲಷ್ಟೇ ಇವು ರಚನೆಯಾದವು. ಸದಸ್ಯರಿಗೆ ಇವುಗಳ ಮೇಲೆ ಒಲವಿಲ್ಲದ್ದು ಅರ್ಥವಾಗುವಂಥದ್ದೇ. ಮನೆ ಬಾಗಿಲಿಗೆ ಬಂದು ಕೇಳುತ್ತಿದ್ದವರು ಸಭೆಯಲ್ಲಿ ಕೂತು, ಬರವಣಿಗೆಯಲ್ಲಿ, ನಡಾವಳಿ ಪುಸ್ತಕದಲ್ಲಿ ಕೇಳತೊಡಗುತ್ತಾರೆ. ಸಮಿತಿ ಬಂದ ಕೂಡಲೇ ಜಗಳ ಮಾಯವಾಗದು. ಆಸ್ಪತ್ರೆ ಇರುವವರಿಗೆ ಒನ್ ವೇ ಬೇಡ, ಎದುರು ಮನೆಯವರಿಗೆ ಬೇಕು. ತಳ್ಳುಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಹಕ್ಕಿದೆ, ಫುಟ್‌ಪಾತಿನಲ್ಲಿ ನಡೆಯುವವರಿಗೂ ಹಕ್ಕಿದೆ. ಆದರೆ ನಿವೇಶನದ ಅರ್ಜಿಯೂ ರಸ್ತೆಯ ದೂರೂ ಒಂದೇ ಮೇಜಿಗೆ, ಒಂದೇ ದಿನ, ಆ ರಸ್ತೆಯನ್ನು ದಿನಾ ತುಳಿಯುವವರ ಮುಂದೆ ಬರುವ ಜಾಗ ಸದ್ಯದ ಕಾನೂನಿನಲ್ಲಿ ಇದೊಂದೇ.

ಇದಕ್ಕೆ ಹೊಸ ಕಾಯ್ದೆ ಬೇಡ. ಮಂಜೂರಾದ ನಕ್ಷೆಯ ಒಂದು ಪ್ರತಿ ಸಂಚಾರ ಠಾಣೆಗೂ ಹೋಗಲಿ ಎಂದು ಆಯುಕ್ತರು ಸುತ್ತೋಲೆ ಹೊರಡಿಸಬಹುದು. 14-ಎ ಪ್ರಕಟಣೆಯನ್ನು ಜಾಗದ ಗೇಟಿಗೂ ಅಂಟಿಸಬೇಕೆಂದು ಬುಡಾ ತೀರ್ಮಾನಿಸಬಹುದು. ಯಾವ ಕ್ರಾಸಿನಲ್ಲಿ ಎಷ್ಟು ವಾಹನ ನಿಲ್ಲಬಹುದೆಂದು ಪಾಲಿಕೆ ಅಳೆದು, ನಿರ್ಣಯ ಮಾಡಿ, 117ನೇ ಕಲಮಿನ ಸಮಾಲೋಚನೆಗೆಂದು ಜಿಲ್ಲಾಧಿಕಾರಿಗೆ ತಾನೇ ಕಳಿಸಬಹುದು. ಕೇಳಲಿ ಎಂದು ಕಾಯಬೇಕಿಲ್ಲ. ಪಾಲಿಕೆಯ ಐದು ವರ್ಷ ಎಣಿಕೆಯಾಗುವುದು ಮೊದಲ ಸಭೆಯಿಂದ. 2021ರಲ್ಲಿ ಗೆದ್ದವರ ಮೊದಲ ಸಭೆ ತಡವಾಗಿ ನಡೆದದ್ದರಿಂದ ಅವರ ಅವಧಿ 2027ರ ಮಾರ್ಚಿನವರೆಗೆ ಇದೆ. ಅಲ್ಲಿಗೆ ಇಂಥದ್ದೊಂದು ನಿರ್ಣಯ ಕಾರ್ಯಸೂಚಿಗೆ ಬಾರದಿದ್ದರೆ ಅದು ಮುಂದಿನ ಚುನಾವಣೆಗೆ, ಅದರ ನಂತರದ ಮೇಯರ್ ಆಯ್ಕೆಗೆ, ಆ ಆಯ್ಕೆಗೆ ತಡೆಯಾಜ್ಞೆ ಬಂದರೆ ಅದರ ತೆರವಿಗೆ ಕಾಯಬೇಕಾಗುತ್ತದೆ.